ಹೊಸ್ತಿಲು ತೆಗೆದ ಬಾಗಿಲು

ಗಾರೆ ಕೆಲಸದ ಸಂಭಾಜಿಯ ಬಾಯಲ್ಲಿ ‘ನಾಳೆ’ ಎಂಬ ಮಾತು ಎಷ್ಟು ಸಲೀಸಾಗಿ ಬರುತ್ತದೆಂದರೆ, ಕೇಳಿದವರಿಗೆ ಮೈ ಉರಿಯಬೇಕು. ಕೆಲಸ ಮಾತ್ರ ಚೊಕ್ಕ, ಅದರಲ್ಲಿ ಎರಡು ಮಾತಿಲ್ಲ. ಅಲಖನೂರಿನ ನಮ್ಮ ಮನೆಯ ಪಡಸಾಲೆಗೆ ಹಳೆಯ ಫರಸಿ ಕಲ್ಲು, ಹಿಂದೆ ಹೊಸದಾಗಿ ಕಟ್ಟಿಸಿದ ಕೋಣೆಗೆ ಟೈಲ್ಸ್. ಎರಡರ ನಡುವಿನ ಬಾಗಿಲಿಗೆ ಕಟ್ಟಿಗೆಯ ಹೊಸ್ತಿಲು. ಮಾವ ವಿರುಪಾಕ್ಷಪ್ಪನವರಿಗೆ ಲಕ್ವಾ ಹೊಡೆದು ಎಡಗಡೆಯ ಕೈಕಾಲು ಬಿದ್ದುಹೋದ ಮೇಲೆ ಆ ಹೊಸ್ತಿಲೇ ನಮಗೆ ಗೋಡೆಯಾಯಿತು. ಗಾಲಿಕುರ್ಚಿ ದಾಟಿಸಬೇಕೆಂದರೆ ಹಿಂದಕ್ಕೆ ವಾಲಿಸಿ, ಎತ್ತಿ, ಧಡ್ ಅಂತ ಆ ಕಡೆ ಇಳಿಸಬೇಕು. ಪ್ರತಿ ಸಲವೂ ಮಾವ ಹಲ್ಲು ಕಚ್ಚಿಕೊಳ್ಳುತ್ತಿದ್ದರು. ಕೊನೆಕೊನೆಗೆ ಎಲ್ಲದಕ್ಕೂ ‘ಬ್ಯಾಡ’ ಅನ್ನತೊಡಗಿದರು. ಬಿಸಿಲಿಗೆ ಬ್ಯಾಡ, ಹಿತ್ತಲಕ್ಕೆ ಬ್ಯಾಡ, ಯಾರಿಗೂ ತ್ರಾಸು ಬ್ಯಾಡ.

ಸಂಭಾಜಿ ಅದನ್ನೂ, ಹೊಸ ಕೋಣೆಯಿಂದ ಹೊರಗೆ ಹೋಗುವ ಹಿತ್ತಲ ಬಾಗಿಲಿನ ಹೊಸ್ತಿಲನ್ನೂ ಕಿತ್ತು, ನೆಲದ ಮಟ್ಟ ಸರಿಮಾಡಿ, ಕಲ್ಲು ಟೈಲ್ಸಿಗೆ ಸೇರುವಲ್ಲಿ ಅಲ್ಯೂಮಿನಿಯಂ ಪಟ್ಟಿ ಕೂರಿಸಿದ. ಮೇಲೆ ಅಂಗೈ ಸವರಿದರೆ ಎಲ್ಲೂ ತಡೆಯುತ್ತಿರಲಿಲ್ಲ.

‘ಹೊಸ್ತಿಲ ಇಲ್ಲದ ಮನಿ ಯಾರದೈತಿ ಬೇ? ಕುಂಕುಮ ಎಲ್ಲಿ ಹಚ್ಚಲಿ? ಈ ಪಟ್ಟಿ ಮ್ಯಾಲೇನ?’ ಎಂದು ಅತ್ತೆ ಕಸ್ತೂರೆವ್ವ ಮುಖ ಊದಿಸಿಕೊಂಡರು.

‘ಹಚ್ಚರಿ ಅತ್ತಿ, ಪಟ್ಟಿ ಏನ್ ಒಲ್ಲೆ ಅನ್ನೂದಿಲ್ಲ’ ಎಂದೆ.

ಆದರೆ ಹೊಸ್ತಿಲು ಹೋದ ಮೇಲೆ ಎರಡೂ ಬಾಗಿಲುಗಳ ಕೆಳಗೆ ಕೈ ತೂರುವಷ್ಟು ಸಂದು ಉಳಿಯಿತು. ‘ವೈನಿ, ಕಟ್ಟಿಗಿ ಬಡದು ಕೆಳಗ ರಬ್ಬರ್ ಹಚ್ಚಿದ್ರ ಆತ್ರಿ. ಉದ್ಯಾ ಬರ್ತೇನಿ’ ಎಂದು ಹೋದ ಸಂಭಾಜಿ ಕಾಗವಾಡದಲ್ಲಿ ಬೇರೆ ಕೆಲಸ ಹಿಡಿದ. ಫೋನ್ ಮಾಡಿದಾಗಲೆಲ್ಲ ಅದೇ ‘ಉದ್ಯಾ’. ಮರಾಠಿಯಲ್ಲಿ ಹೇಳಿದರೇನು, ನಾಳೆ ನಾಳೆಯೇ.

ಅಷ್ಟರಲ್ಲಿ ಹಿತ್ತಲಿನಾಚೆಯ ನಮ್ಮ ಕಬ್ಬಿಗೆ ಕಟಾವಿನ ಗ್ಯಾಂಗ್ ಬಂತು. ಕಡಿಯುತ್ತ ಕಡಿಯುತ್ತ ಕೊನೆಯ ಸಾಲಿಗೆ ಬಂದರೆ, ವರ್ಷವಿಡೀ ಕಬ್ಬಿನೊಳಗೆ ಇದ್ದದ್ದೆಲ್ಲ ಎಲ್ಲಿಗಾದರೂ ಹೋಗಲೇಬೇಕಲ್ಲ. ನಮ್ಮ ಕಡೆ ಇದು ಕೂಸಿಗೂ ಗೊತ್ತು. ಅದಕ್ಕೇ ಹಿತ್ತಲ ಬಾಗಿಲ ಸಂದಿಗೆ ಗೋಣಿಚೀಲ ತುರುಕಿದ್ದೆ. ಆ ಮಧ್ಯಾಹ್ನ ಅತ್ತೆ ಗ್ಯಾಂಗಿನವರಿಗೆ ಚಹಾ ಒಯ್ಯುವಾಗ ಚೀಲವನ್ನು ಕಾಲಿನಿಂದ ಸರಿಸಿ, ಹೊರಗಿನಿಂದ ಬಾಗಿಲೆಳೆದುಕೊಂಡು ಹೋಗಿದ್ದರು. ಹೊರಗೆ ನಿಂತು ಒಳಗಿನ ಸಂದಿಗೆ ಚೀಲ ತುರುಕುವುದು ಯಾರಿಂದಾಗುತ್ತದೆ? ಗಂಡ ಅಮೋಲ ಕಬ್ಬಿನ ಟ್ರ್ಯಾಕ್ಟರ್ ಹೊಡೆದುಕೊಂಡು ಫ್ಯಾಕ್ಟರಿಗೆ ಹೋಗಿದ್ದ. ಮನೆಯಲ್ಲಿ ಇದ್ದದ್ದು ನಾನು, ಮಾವ.

‘ಉಜ್ವಲಾ… ಬ್ಯಾಡ.’ ಹೊಸ ಕೋಣೆಯಿಂದ ಮಾವನ ದನಿ ಬಂತು.

‘ಏನ್ ಬ್ಯಾಡ್ರಿ ಮಾವಾರ? ಗುಳಿಗಿ ಇನ್ನಾ ಡಬ್ಬ್ಯಾಗ ಐತಿ, ಆಗಲೇ ಬ್ಯಾಡ!’ ಎಂದು ರೇಗುತ್ತಲೇ ಅಡುಗೆಮನೆಯಿಂದ ಹೊರಟೆ.

‘ಬರಬ್ಯಾಡ.’

ಆಗ ಕುಕ್ಕರ್ ಸೀಟಿ ಹೊಡೆಯುವ ಮೊದಲು ಉಸಿರು ಬಿಡುತ್ತದಲ್ಲ, ಅಂಥ ಸಪ್ಪಳ ಕೇಳಿಸಿತು. ಒಲೆಯ ಮೇಲೆ ಕುಕ್ಕರ್ ಇಟ್ಟಿರಲಿಲ್ಲ.

ನಡುಬಾಗಿಲಿಗೆ ಬಂದು ನಿಂತೆ. ಪಟ್ಟಿಯ ಆಚೆಗೇ, ನನ್ನ ಕೈಗೆಟುಕುವಷ್ಟು ಹತ್ತಿರ, ಕುರ್ಚಿಯಲ್ಲಿ ಮಾವ ನನಗೆ ಬೆನ್ನು ಮಾಡಿ ಕೂತಿದ್ದರು. ಅವರ ಎಡಪಾದದ ಮುಂದೆ ತಂಪು ಟೈಲ್ಸಿನ ಮೇಲೆ ಕೊಳಕಮಂಡಲ ಹಾವು ಸುತ್ತಿಕೊಂಡು ಬಿದ್ದಿತ್ತು. ತಲೆ ಅವರ ಹೆಬ್ಬೆರಳಿನ ಪಕ್ಕದಲ್ಲಿತ್ತು. ಆ ಕಾಲಿಗೆ ಸ್ಪರ್ಶವೇ ಇಲ್ಲ. ಕಚ್ಚಿದರೂ ಮಾವನಿಗೆ ಗೊತ್ತಾಗುವುದಿಲ್ಲ. ಆಗಲೇ ಕಚ್ಚಿದೆಯೋ ಏನೋ, ನನಗೂ ಗೊತ್ತಾಗಲಿಲ್ಲ.

ಅಯ್ಯೋ ಶಿವನೇ! ಕೂಗೋಣವೆಂದರೆ ಹೊಲದವರು ಬಡಿಗೆ ಹಿಡಿದು ಹಿತ್ತಲ ಬಾಗಿಲಿನಿಂದಲೇ ನುಗ್ಗುತ್ತಾರೆ. ಬೆದರಿದ ಹಾವಿಗೆ ಓಡಲು ಉಳಿಯುವುದು ಮಾವನ ಕಾಲ ಬುಡ ಒಂದೇ. ಕುರ್ಚಿಯನ್ನು ಹಿಂದಕ್ಕೆ ಎಳೆಯಬೇಕು. ಎಳೆಯಲು ಎರಡೂ ಬ್ರೇಕ್ ತೆಗೆಯಬೇಕು. ಹಾಕಿದವಳು ನಾನೇ.

‘ಮಾವಾರ, ಬಲಗಡೆ ಬ್ರೇಕ್… ಸಾವಕಾಶ’ ಎಂದು ಪಿಸುಗುಟ್ಟಿದೆ.

ಅವರ ಬಲಗೈ ಮೆಲ್ಲಗೆ ಇಳಿಯಿತು. ಟಕ್ ಎಂದಿತು. ಹಾವಿನ ತಲೆ ಎದ್ದಿತು. ಅದು ಮತ್ತೊಮ್ಮೆ ಬುಸ್ಸೆಂದು ತಲೆ ಇಳಿಸಿತು.

ಎಡಗಡೆಯದು ನನ್ನ ಪಾಲಿಗೆ ಉಳಿಯಿತು. ಪಟ್ಟಿಯ ಮೇಲೆ ಮೊಣಕಾಲೂರಿ ಗಾಲಿಯ ಪಕ್ಕಕ್ಕೆ ಕೈ ಚಾಚಿದೆ. ದೇವರಾಣೆ, ಆಗ ಎದ್ದು ಓಡಿಬಿಡಬೇಕು ಅನ್ನಿಸಿತು. ಮಾವನಿಗೆ ನನ್ನ ಕೈ ಕಂಡಿತೇನೋ.

‘ಹೋಗ’ ಎಂದರು. ‘ನೀ… ಹೋಗ.’

ಬ್ರೇಕನ್ನು ಎರಡೂ ಕೈಯಿಂದ ಅದುಮಿ ಹಿಡಿದು ಸಪ್ಪಳವಾಗದಂತೆ ಎತ್ತಿದೆ. ಎದ್ದು ಹಿಡಿಕೆ ಹಿಡಿದು ಎಳೆದೆ. ಹಿಂದಿನ ಗಾಲಿಗಳು ಪಟ್ಟಿ ಏರಿದವು, ಇಳಿದವು. ಹಳೆಯ ಹೊಸ್ತಿಲಿಗೆ ದಿನಾ ಸಿಕ್ಕಿಕೊಳ್ಳುತ್ತಿದ್ದ ಮುಂದಿನ ಸಣ್ಣ ಗಾಲಿಗಳೂ ದಾಟಿದವು. ಧಡ್ ಇಲ್ಲ, ಅಲುಗಾಟವಿಲ್ಲ. ಹಾವು ಬಿದ್ದಲ್ಲೇ ಬಿದ್ದಿತ್ತು.

ನಡುಬಾಗಿಲು ಎಳೆದುಕೊಂಡ ಮೇಲೆ ನೆನಪಾಯಿತು, ಇದರ ಕೆಳಗೂ ಅದೇ ಸಂದು! ಅತ್ತೆಯ ಮಂಚದ ಕೌದಿ ಎಳೆದು ಸಂದಿಗೆ ತುರುಕಿ, ಅದಕ್ಕೆ ಕಾಲೊತ್ತಿ ಕೂತು, ಆಗ ಕಿರುಚಿದೆ. ಕಿರುಚುತ್ತಲೇ ಮಾವನ ಎಡಗಾಲನ್ನು ಮಡಿಲಿಗೆಳೆದುಕೊಂಡು ಬೆರಳ ಸಂದಿ ಬಿಡದೆ ನೋಡಿದೆ. ಗಾಯವಿರಲಿಲ್ಲ. ಆಮೇಲೆ ಬಂದ ಅಳು ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಹೊಲದ ಆಳು ದುರಗಪ್ಪ ಓಡಿಬಂದು ಹಾವನ್ನು ಪೈಪಿನೊಳಗೆ ಹೊಗಿಸಿ ಗೊಬ್ಬರದ ಚೀಲಕ್ಕೆ ಇಳಿಸಿ, ದೂರದ ಹಳ್ಳಕ್ಕೆ ಬಿಟ್ಟುಬಂದ.

ಮರುದಿನ ಸುದ್ದಿ ತಿಳಿದು ಸಂಭಾಜಿ ರಬ್ಬರ್ ಹಿಡಿದುಕೊಂಡು ಬಂದ. ಮುಖದಲ್ಲಿ ರಕ್ತವಿರಲಿಲ್ಲ. ನಾನು ಕೂಡಿಟ್ಟುಕೊಂಡಿದ್ದ ಬೈಗುಳವೆಲ್ಲ ಮರೆತೇಹೋಯಿತು.

‘ರಬ್ಬರ್ ಗಿಬ್ಬರ್ ಏನೂ ಬ್ಯಾಡ, ಮದಲಿನ ಹೊಸ್ತಿಲ ಹಾಕ’ ಎಂದರು ಅತ್ತೆ. ಅಮೋಲನೂ ಹೌದೆಂದ.

‘ಹಾಕೇ ಬಿಡು ಸಂಭಾಜಿ’ ಎಂದೆ ನಾನೂ. ರಾತ್ರಿಯೆಲ್ಲ ಆ ಬುಸುಗುಡುವ ಸಪ್ಪಳ ಕಿವಿಯಲ್ಲಿ ಕೂತು ನನ್ನ ಧೈರ್ಯ ಉಡುಗಿಹೋಗಿತ್ತು.

ಸಂಭಾಜಿ ಉಳಿ ತೆಗೆದು ನಡುಬಾಗಿಲಿನ ಪಟ್ಟಿಯ ಮುಂದೆ ಕೂತ. ಅಷ್ಟರಲ್ಲಿ ಪಡಸಾಲೆಯಿಂದ ಗಾಲಿಯ ಸಪ್ಪಳ ಬಂತು. ಕುರ್ಚಿಯ ಹಿಂದೆ ಯಾರೂ ಇರಲಿಲ್ಲ. ಮಾವ ಬಲಗೈಯಿಂದ ಗಾಲಿ ತಿರುಗಿಸುತ್ತ, ಬಲಗಾಲಿನಿಂದ ನೆಲ ಒತ್ತುತ್ತ, ಸೊಟ್ಟಪಟ್ಟ ಬಂದು ಕುರ್ಚಿಯನ್ನು ಪಟ್ಟಿಯ ಮೇಲೆಯೇ ನಿಲ್ಲಿಸಿದರು. ಕುರ್ಚಿ ಮನೆಗೆ ಬಂದಾಗಿನಿಂದ ಅವರು ತಾವಾಗಿ ಹಾಗೆ ಬಂದದ್ದು ಅದೇ ಮೊದಲು.

‘ಹಾವು… ಒಂದಿನ ಬಂದಿತ್ತು’ ಎಂದರು, ಒಂದೊಂದೇ ಮಾತು ತಡವರಿಸುತ್ತ. ‘ಹೊಸ್ತಿಲ… ದಿನಾ ಇತ್ತು.’

ಸಂಭಾಜಿ ಉಳಿಯನ್ನು ಚೀಲಕ್ಕೆ ಹಾಕಿಕೊಂಡ. ಅತ್ತೆ ಒಳಗೆ ಹೋಗಿ ಕುಂಕುಮದ ಬಟ್ಟಲು ತಂದರು.

‘ಗಾಲಿ ಜರಾ ಸರಸ್ರಿ’ ಎಂದು ಮಾವನಿಗೆ ಗದರಿ, ಬಗ್ಗಿ, ಅಲ್ಯೂಮಿನಿಯಂ ಪಟ್ಟಿಗೆ ಕುಂಕುಮ ಹಚ್ಚಿದರು.

ಎರಡೂ ಬಾಗಿಲಿಗೆ ರಬ್ಬರ್ ಬಂತು. ಈಗ ಮಾವ ದಿನಾ ಬಿಸಿಲಿಗೆ ತಾವೇ ಹೋಗುತ್ತಾರೆ. ಅವರಿಗಿಂತ ಮೊದಲು ನಾನು ಹೋಗಿ ಮೂಲೆಮೂಲೆ ನೋಡುತ್ತೇನೆ. ಆಮೇಲೆ ಅವರಿಗೆ ಬಾಗಿಲು ತೆಗೆಯುತ್ತೇನೆ.