ಐದನೇ ಪಾಳಿಯ ಕೆರಿಯ

ನಮ್ಮ ಕೆರಿಯ ಅಂದನಲ್ಲ, ನಮ್ಮ ಅಂತೆ ನಮ್ಮ, ಎಡಗಡೆಯ ಎಲೆಯಿಂದ ತುಷಾರನ ನಗು, ಅದರ ಹಿಂದೆಯೇ ಬಿಸಿ ತುಪ್ಪದ ವಾಸನೆ, ಕಿರಣನ ಬಾಯಿಯ ತುತ್ತು ಅಲ್ಲೇ ನಿಂತಿತು — ಯಾರ ಮನೆಯ ಕೆರಿಯನೋ, ಯಾರ ಬಾಯಲ್ಲಿ ಮೆರೆಯುತ್ತಾನೋ, ಕೆರಿಯ ಅಂದರೆ ಕಿರಣನ ಅಜ್ಜ, ಬನವಾಸಿ ಕಡೆ ಗದ್ದೆ ಮಾಡಿಕೊಂಡಿದ್ದವನು, ಆ ಹೆಸರನ್ನು ಕಂಪ್ಯೂಟರ್ ಆಟದ ಹುಡುಗನಿಗೆ ಇಟ್ಟವನು ಕಿರಣ, ಆಡಿಸಿ ಮೀಸೆ ತಿರುವಿದವನು ತುಷಾರ, ಈಗ ನೋಡು, ಯಲ್ಲಾಪುರದಲ್ಲಿ ತುಷಾರನ ಹೊಸ ಮನೆ, ಕೆಳಗೆ ಕಂಪ್ಯೂಟರ್ ಅಂಗಡಿ, ಮೇಲೆ ಟೆರೇಸಿನ ಚಪ್ಪರದಲ್ಲಿ ಗೃಹಪ್ರವೇಶದ ಕೊನೇ ಪಂಕ್ತಿ, ಗೆಳೆಯರಿಗೆಲ್ಲ ಒಟ್ಟಿಗೆ ಎಲೆ ಹಾಕಿಸಿ ತಾನು ನಡುವೆ ಕೂತು ಹುಬ್ಬಳ್ಳಿಯ ನೆಂಟನೊಬ್ಬನಿಗೆ ಹೇಳುತ್ತಿದ್ದಾನೆ, ಆ ಆಟದಲ್ಲಿ ಎರಡು ಸಾವಿರದ ಎರಡರ ಹುಡುಗರಿದ್ರಲ್ಲ, ಅಂಥ ಬ್ಯಾಚು ಮತ್ತೆ ಬರ್ಲಿಲ್ಲ ನೋಡಿ, ಅದ್ರಲ್ಲೂ ನಮ್ಮ ಕೆರಿಯ, ಐದನೇ ಪಾಳೀಲಿ ಹೆಕ್ಕಿದ್ದು ನಾನು, ಬೇರೆ ಯಾರೂ ಮೂಸಿ ಸಹ ನೋಡಿರ್ಲಿಲ್ಲ. ಮೂಸಿ ನೋಡಿರಲಿಲ್ಲವಂತೆ! ಉಣ್ಣುವ ಎಲೆಯ ಮುಂದೆ ಕೂತು ಎಂಥ ಸುಳ್ಳು ಹೇಳುತ್ತಾನೆ, ಅಲ್ಲ, ಸುಳ್ಳೂ ಅಲ್ಲ, ಅವನಿಗೆ ಅದೇ ನಿಜ, ಹೊಟ್ಟೆ ಉರಿಯುವುದು ಅದಕ್ಕೇ, ನಿಜ ಗೊತ್ತಿದ್ದೂ ಸುಳ್ಳು ಹೇಳುವವನನ್ನಾದರೂ ಬಯ್ಯಬಹುದು.

ಶಿರಸಿಯ ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ ದಿನಕರಣ್ಣನ ಸೈಬರ್ ಕೆಫೆ, ಗಿರಾಕಿಯಿಲ್ಲದ ಭಾನುವಾರಗಳು, ಯಾವುದೋ ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸೀಡಿಯಲ್ಲಿ ಬೇಸ್‌ಬಾಲ್, ನಾವು ಆಡುವುದಲ್ಲ, ತಂಡ ಕಟ್ಟಿ ಸುಮ್ಮನೆ ಕೂರುವುದು, ಆಡುವುದು ಕಂಪ್ಯೂಟರು, ಆಟಗಾರರೂ ಅದೇ ಹುಟ್ಟಿಸಿದವರು, ಬೇಸ್‌ಬಾಲ್ ಚೆಂಡು ಕೆಂಪೋ ಬಿಳಿಯೋ ಅಂತ ನಾಲ್ವರಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ, ಆದರೂ ಶಿರಸಿ ದಿನಕರಣ್ಣನದು, ಯಲ್ಲಾಪುರ ತುಷಾರನದು, ಹುಲೇಕಲ್ ಸುಮಂತನದು, ಸಿದ್ದಾಪುರ ಕಿರಣನದು, ಆಟದೊಳಗೆ ಒಂದು ವರ್ಷ ಮುಗಿದರೆ ಹೊಸ ಹುಡುಗರ ಹಿಂಡು ಬರುತ್ತದೆ, ಮೊದಲು ಎಲ್ಲರೂ ಸೇರಿ ಅವರಿಗೆ ಊರ ಕಡೆಯ ಹೆಸರಿಡುವುದು, ಆಮೇಲೆ ಪಾಳಿಯ ಮೇಲೆ ಒಬ್ಬೊಬ್ಬನನ್ನೇ ಎತ್ತಿಕೊಳ್ಳುವುದು — ಆ ವರ್ಷ ಮೊದಲ ಪಾಳಿ ಕಿರಣನದೇ, ಬಾಲ್ ಎಸೆಯುವ ಗಟ್ಟಿಗನೊಬ್ಬನನ್ನು ಎತ್ತಿಕೊಂಡ, ಕ್ರಿಕೆಟ್ಟಿನ ಕಣ್ಣು ನೋಡು, ಫಾಸ್ಟ್ ಬೌಲರ್ ಸಿಕ್ಕಿದ ಅಂತ ಕುಣಿದ, ಎರಡನೇ ವರ್ಷಕ್ಕೆ ಅವನ ಭುಜ ಕಿತ್ತುಹೋಯಿತು, ಸುಮಂತ ಕ್ಯಾಚರನನ್ನು ವಿಕೆಟ್ ಕೀಪರ್ ಅಂದುಕೊಂಡು ತಗೊಂಡ, ದಿನಕರಣ್ಣ ಹೆಸರು ಚೆಂದ ಅಂತ ಹೊನ್ನನನ್ನು ತಗೊಂಡ, ಹೊನ್ನ ಕೊನೆಯವರೆಗೂ ಬೆಂಚು ಬಿಟ್ಟು ಏಳಲಿಲ್ಲ. ಕೆರಿಯನಿಗೆ ಓಟವಿಲ್ಲ, ತೋಳಲ್ಲಿ ಜೋರಿಲ್ಲ, ಆದರೆ ಕಣ್ಣು ಅನ್ನುವ ಕಡೆ ಅಂಕ ತುಂಬಿ ತುಳುಕುತ್ತಿತ್ತು, ಅದನ್ನು ಕಂಡವನು ಕಿರಣ ಒಬ್ಬನೇ, ಯಾಕೆಂದರೆ ಈ ಆಟದ ವಿಚಿತ್ರ ಅವನಿಗೊಬ್ಬನಿಗೆ ಹೊಳೆದಿತ್ತು, ಕ್ರಿಕೆಟ್ಟಿನಲ್ಲಿ ಬಾಲ್ ಬಿಟ್ಟರೆ ಏನೂ ಸಿಗುವುದಿಲ್ಲ, ಇದರಲ್ಲಿ ನಾಲ್ಕು ಕೆಟ್ಟ ಬಾಲನ್ನು ಮುಟ್ಟದೆ ಬಿಟ್ಟವನು ಬ್ಯಾಟು ಕೆಳಗಿಟ್ಟು ಆರಾಮಾಗಿ ಮುಂದೆ ನಡೆದುಹೋಗಬಹುದು, ಬೇಡ ಬೇಡ ಅಂದವನಿಗೇ ಕರೆದು ಕೊಡುವ ಆಟ, ಅಜ್ಜನ ಹೆಸರಿಗೆ ಹೇಳಿ ಮಾಡಿಸಿದ ಹುಡುಗ, ಮಾವಿನ ಕಾಯಿಗೆ ಒಂದು ದಿನ ಕಲ್ಲು ಹೊಡೆದವನಲ್ಲ ಅಜ್ಜ, ಬೀಳ್ತದೆ ತಗ, ಎಲ್ಲಿಗೆ ಹೋಗ್ತದೆ ಅನ್ನುತ್ತಿದ್ದ, ಕಿರಣನೂ ಹಾಗೇ, ಇವನನ್ನು ಯಾರು ಮುಟ್ಟುತ್ತಾರೆ, ಮುಂದಿನ ಸರದಿಗೆ ಸಿಗುತ್ತಾನೆ ಅಂತ ಬಿಟ್ಟಿದ್ದ.

ಐದನೇ ಪಾಳಿ, ನಾಲ್ಕನೆಯದರ ಹಿಂದೆಯೇ ಮತ್ತೆ ತುಷಾರನ ಸರದಿ, ಕೊನೆಯವನಿಗೆ ಎರಡು ಒಟ್ಟಿಗೆ, ಪರದೆಯ ಮೇಲೆ ಅವನ ಬಾಣ ಹೋಗಿ ಕೆರಿಯನ ಮೇಲೆ ನಿಂತಿತು, ಕುರ್ಚಿ ತಿರುಗಿಸಿ ಕೇಳಿದ, ಹೌದು, ಕೇಳಿದ, ಅದನ್ನೂ ಹೇಳಬೇಕು, ಕಿರಣ, ಇದು ನಿನ್ನಜ್ಜನ ಹೆಸ್ರಲ್ದನಾ, ನಿಂಗೆ ಬೇಕಾದ್ರೆ ಬಿಡ್ತೆ. ಮನಸ್ಸು ಹೂಂ ಅಂದಿತು, ಬಾಯಿ ಮಾತ್ರ ಏ, ಬ್ಯಾಡ ಮಾರಾಯ, ನೀನೇ ತಗ ಅಂದಿತು — ಅವ್ವಿ ಕಲಿಸಿದ್ದು ಹಾಗೆ, ಯಾರ ಮನೇಲೂ ಕೇಳಿದ ಕೂಡ್ಲೆ ಹೂಂ ಅನಬ್ಯಾಡ, ಹಸ್ಗೊಂಡು ಬಂದವ್ರು ಅಂತಾರೆ, ಎರಡು ಸಲ ಬ್ಯಾಡ ಅನ್ನು, ಮೂರನೇ ಸಲ ಕೇಳಿದ್ಮೇಲೆ ತಗ, ಕಿರಣ ಎರಡನೇ ಸಲಕ್ಕೆ ಕಾಯುತ್ತಿದ್ದ, ಟಕ್ ಅಂತ ಕೀ ಒತ್ತಿದ ಶಬ್ದ, ಮುಗಿಯಿತು, ಕೆರಿಯ ಯಲ್ಲಾಪುರದ ಪಾಲು. ಆಮೇಲೆ ವರ್ಷದ ಮೇಲೆ ವರ್ಷ ಯಲ್ಲಾಪುರವೇ ಗೆದ್ದಿತು, ಕೆರಿಯ ಕೆಟ್ಟದ್ದನ್ನು ಬಿಟ್ಟ, ಒಳ್ಳೆಯದನ್ನು ಮಾತ್ರ ಬಾರಿಸಿದ, ಸಿದ್ದಾಪುರಕ್ಕೆ ಬಂದಾಗಲಂತೂ ಅಳಿಯ ಬಂದ ಹಾಗೆ ಬಾರಿಸಿದ, ಇದ್ದಿದ್ದರೆ ಅವನಿಗೆ ಒಂದು ಮುಖ ಇರುತ್ತಿತ್ತೇನೋ, ಇಲ್ಲದ ಮುಖವನ್ನೇ ಕಿರಣ ಎಷ್ಟು ಸಲ ನೆನೆಸಿಕೊಂಡಿಲ್ಲ, ಹೆಂಡತಿ ಮಮತಾ ನಗುತ್ತಾಳೆ, ಇಲ್ಲದ ಮನ್ಷಾನ ಸಲುವಾಗಿ ಹೊಟ್ಟೆ ಉರ್ಕೊಳ್ಳೋರ್ನ ನಿಮ್ಮನ್ನೇ ಕಂಡಿದ್ದು ಅಂತ, ಅವಳಿಗೇನು ಗೊತ್ತು, ತನ್ನ ರಿಪೇರಿ ಅಂಗಡಿಯಲ್ಲಿ ಪಂಪ್‌ಸೆಟ್ ಬಿಚ್ಚುವಾಗಲೂ ಆ ಟಕ್ ಕೇಳುತ್ತದೆ. ಕಿರಣನ ಕೈ ತಾನಾಗಿ ಎಲೆಗೆ ಅಡ್ಡ ಹೋಯಿತು, ಎದುರಿಗೆ ತುಷಾರನ ತಾಯಿ ಸುಬ್ಬಲಕ್ಷ್ಮಿ, ಕೈಯಲ್ಲಿ ಹೋಳಿಗೆ ತಟ್ಟೆ, ಇನ್ನೊಂದು ಹಾಕ್ತೆ ತಮಾ, ಸಾಕ್ರಾ ಅಮ್ಮ, ಎಂತ ಸಾಕು, ತೆಗಿ ಕೈಯ, ಅಯ್ಯೋ ಬ್ಯಾಡ್ರಾ, ತೆಗಿತ್ಯೋ ಇಲ್ಯೋ, ಕೈ ತೆಗೆದ, ಹೋಳಿಗೆ ಬಿತ್ತು, ಮೇಲೆ ತುಪ್ಪ — ಹೋಳಿಗೆಗೆ ಮೂರು ಸಲ ಒತ್ತಾಯ ಮಾಡುವ ಮನೆ ಕಣೋ ಇದು, ಕೆರಿಯನ ವಿಷಯಕ್ಕೆ ಒಂದೇ ಸಲ ಕೇಳಿದಿರಲ್ಲ, ನಿಮ್ಮ ಉಪಚಾರಕ್ಕೆ ಬೆಂಕಿ ಬೀಳ.

ಕಿರಣ, ಕೇಳಿದ್ಯಾ ಇಲ್ಲಿ, ತುಷಾರ ಇತ್ತ ತಿರುಗಿದ್ದಾನೆ, ಕೆಳಗೆ ಅಂಗಡೀಲಿ ಆ ಆಟ ಮತ್ತೆ ಹಾಕ್ತೆ, ಅವೇ ಹುಡುಗ್ರು, ಮೊದ್ಲಿಂದ, ಊಟ ಆದ ಕೂಡ್ಲೆ ಶುರು, ದಿನಕರಣ್ಣಂಗೆ ಆಗ್ತಿಲ್ಯಂತೆ, ಮೂರೇ ತಂಡ, ಮೊದ್ಲ ಪಾಳಿ ನಿಂಗೆ, ಕೆರಿಯನ್ನ ನೀನೇ ಇಟ್ಕೊ, ಬರ್ತ್ಯನಾ? ಬೇಕು, ಅಯ್ಯೋ ಬೇಕು, ಹೂಂ ಅನ್ನೋ ಕತ್ತೆ, ಅಜ್ಜ ತಾನಾಗಿ ಮನೆ ಬಾಗಿಲಿಗೆ ಬಂದು ನಿಂತಿದ್ದಾನೆ, ಈ ಸಲ ಅಂದುಬಿಡು, ಇಷ್ಟು ವರ್ಷದ ಉರಿಗೆ ಒಂದು ಹೂಂ ಸಾಕು, ಏ, ಈಗೆಲ್ಲ ಬ್ಯಾಡ ಮಾರಾಯ, ಪುರುಸೊತ್ತೆಲ್ಲಿ, ಅಂಗ್ಡಿ ಬಿಟ್ಟು — ಯಾರು ಅಂದದ್ದು, ಬಾಯಿ ತನ್ನದೇ, ಇರಲಿ, ಒಂದು ಸಲವಾಯಿತು, ಇನ್ನೊಂದು ಸಲ ಕೇಳುತ್ತಾನೆ, ಕೇಳು ತುಷಾರ, ತಾಯಿಯ ಹಾಗೆ ಕೇಳು, ತೆಗಿತ್ಯೋ ಇಲ್ಯೋ ಅನ್ನು. ಹೌದಾ, ಅಡ್ಡಿಲ್ಲೆ ಬಿಡು, ತುಷಾರನ ಮುಖ ಆ ಕಡೆ ತಿರುಗಿತು, ಸುಮಂತಾ, ಹಂಗಾರೆ ಮೊದ್ಲ ಪಾಳಿ ನಿಂಗೆ, ಬತ್ಯನಾ? ಬಾಯಿತುಂಬ ಹೋಳಿಗೆ ಇಟ್ಟುಕೊಂಡೇ, ನುಂಗುವಷ್ಟೂ ಕಾಯದೆ ಸುಮಂತ ಅಂದ, ಬತ್ತೆ, ಕೆರಿಯ ಯಂಗೇ ಬೇಕು. ಬಡಿಸುವವರು ಯಾರೂ ಎದುರಿಗಿಲ್ಲ, ಪಂಕ್ತಿ ಏಳುವ ಹೊತ್ತು, ಆದರೂ ಎಲೆಗೆ ಅಡ್ಡವಾಗಿ, ಬೆರಳೆಲ್ಲ ಅಗಲಿಸಿಕೊಂಡು, ಕಿರಣನ ಕೈ, ತುಪ್ಪ ಮೆತ್ತಿದ ಕೈ, ಎಲೆಗೆ ಅಡ್ಡ, ಕೈ —