ರಸ್ತೆಯ ನಡುವಿನ ಸಮಾಧಿ

ಚಾಮರಾಜನಗರದ ಅನುಕೂಲಸ್ಥರೆಲ್ಲ ಸೇರಿರುವ ನಮ್ಮ ಬಡಾವಣೆಯ ಚರಿತ್ರೆ ಹೇಳಿ ಎಂದರೆ, ಇಲ್ಲಿನ ಹಿರಿಯರು ನಲ್ಲಿ ಬಂದದ್ದು, ಕರೆಂಟು ಬಂದದ್ದು, ತೆರಕಣಾಂಬಿಯ ವರ್ತಕರು ಬಂದು ಮಹಡಿ ಮನೆ ಕಟ್ಟಿಸಿದ್ದು ಎಲ್ಲ ಹೇಳುತ್ತಾರೆ. ಚಿಕ್ಕಮಲ್ಲಮ್ಮನ ಸುದ್ದಿ ಮಾತ್ರ ಎತ್ತುವುದಿಲ್ಲ. ಎತ್ತಲು ಮುಖ ಬೇಕಲ್ಲ.

ಐವತ್ತನಾಲ್ಕನೇ ಇಸವಿಯವರೆಗೆ ಇದೆಲ್ಲ ದೊಡ್ಡಮಲ್ಲಪ್ಪನವರ ಜೋಳದ ಹೊಲ. ಅವರ ತಮ್ಮ, ಅಂದರೆ ಚಿಕ್ಕಮಲ್ಲಮ್ಮನ ಗಂಡ ಶಾಂತಮಲ್ಲಪ್ಪ ತೀರಿಕೊಂಡಾಗ ಲಿಂಗವಂತರ ಪದ್ಧತಿಯಂತೆ ಹೊಲದಲ್ಲೇ ಮಣ್ಣು ಮಾಡಿದ್ದರು. ಆ ಮನೆತನದಲ್ಲಿ ಸಮಾಧಿಗೆ ಕಲ್ಲು ನೆಡುವುದಿಲ್ಲ. ಕಲ್ಲು ಮಠದ ಸ್ವಾಮಿಗಳಿಗೆ. ತಮ್ಮಂಥವರಿಗೆ ಮಣ್ಣಿನ ಗುಡ್ಡೆ, ಮೇಲೊಂದು ತುಂಬೆ ಗಿಡ, ಸಾಕು ಎನ್ನುವ ವಿನಯ. ಹೊಲವನ್ನು ಸೈಟು ಮಾಡಿ ಮಾರುವಾಗ ಆ ಮೂಲೆ ಬಿಡಿಸುತ್ತೇನೆಂದು ದೊಡ್ಡಮಲ್ಲಪ್ಪ ತಮ್ಮನ ಹೆಂಡತಿಗೆ ಮಾತು ಕೊಟ್ಟಿದ್ದರು. ನೆಲ ಮಟ್ಟ ಮಾಡಿದ ದಿನ ಮಾತ್ರ ಗುಂಡ್ಲುಪೇಟೆಗೆ ಮದುವೆ ಊಟಕ್ಕೆ ಹೋಗಿದ್ದರು. ಆಳುಗಳು ಕಳೆಯ ಜೊತೆ ತುಂಬೆಯನ್ನೂ ಕಿತ್ತು ಗುಡ್ಡೆ ಹರಡಿದರು.

ಚಿಕ್ಕಮಲ್ಲಮ್ಮನಿಗೆ ಜಾಗ ಗೊತ್ತಿತ್ತು. ಹಳೆಯ ಬಾವಿ ಇನ್ನೂ ಇತ್ತು. ಅದರ ಮೆಟ್ಟಿಲಿನ ನೇರಕ್ಕೆ ನೋಡಿದರೆ ಗಂಡ ಇದ್ದದ್ದು ಗುರುಪಾದಸ್ವಾಮಿಯವರ ಹೊಸ ಮನೆಯ ಅಡುಗೆಕೋಣೆಯ ಕೆಳಗೆ. ವರ್ಷದ ಪೂಜೆಯ ದಿನ ವಿಭೂತಿ, ಹೂವು ಹಿಡಿದು ಅವರ ಬಾಗಿಲಿಗೆ ಬಂದಳು.

“ಒಂದು ಗಳಿಗೆ ಒಳೀಕೆ ಬುಡಿ ಸ್ವಾಮಿ. ಹೂ ಮಡಗ್ಬುಟ್ಟು ಒಂಟೋಯ್ತೀನಿ.”

ಗುರುಪಾದಸ್ವಾಮಿ ಕೆಟ್ಟವರೇನಲ್ಲ. ಆದರೆ ಒಲೆಯ ಕೆಳಗೆ ಸಮಾಧಿ ಇದೆಯೆಂದು ಗೊತ್ತಾದರೆ ಆ ಮನೆಗೆ ಹೆಣ್ಣು ಕೊಡುವವರು ಯಾರು? “ನಮ್ಮಲ್ಲಲ್ಲ ಕಣವ್ವ, ಪಕ್ಕದ ಸೈಟ್ನಲ್ಲಿರ್ಬೇಕು” ಎಂದರು. ಪಕ್ಕದವರು ಅದರ ಪಕ್ಕದ ಮನೆ ತೋರಿಸಿದರು. ಎಲ್ಲರೂ ಕೂರಿಸಿ ಕಾಫಿ ಕೊಟ್ಟರು, ಹೂವಿಡಲು ಜಾಗ ಕೊಡಲಿಲ್ಲ.

ಕೊನೆಗೆ ಮನೆ ಯಜಮಾನರೆಲ್ಲ ಸೇರಿ ತೀರ್ಮಾನ ಮಾಡಿದರು: ಸಮಾಧಿ ಇರುವುದು ರಸ್ತೆಯ ನಡುವೆ. ರಸ್ತೆಗೆ ಯಾರೂ ಹೆಣ್ಣು ಕೊಡಬೇಕಾಗಿಲ್ಲ ನೋಡಿ.

ದೊಡ್ಡಮಲ್ಲಪ್ಪನವರೂ ಹೂಂ ಎಂದುಬಿಟ್ಟರು. “ಅಲ್ಲೇ ಅಂದ್ಕೊಬುಡವ್ವ. ಎಲ್ಲಿ ಮಡಗುದ್ರೂ ಶಿವನಿಗೇ ಓಯ್ತದೆ.”

“ಶಿವನಿಗಲ್ಲ ಭಾವ, ನಾ ತಂದಿರದು ನಿಮ್ ತಮ್ಮಂಗೆ” ಎಂದಳು ಚಿಕ್ಕಮಲ್ಲಮ್ಮ. ಅಷ್ಟು ಹೇಳುವುದು ಬಿಟ್ಟರೆ ಆ ಹೆಂಗಸಿನ ಕೈಯಲ್ಲಿ ಇನ್ನೇನಿತ್ತು?

ರಸ್ತೆಯ ನಡುವೆ ಕೂತು, ಮಣ್ಣಿಗೆ ವಿಭೂತಿ ಹಚ್ಚಿ ಹೂವಿಟ್ಟಳು. ಮನೆಮನೆಯ ಹೆಂಗಸರು ಬಂದು ಭಕ್ತಿಯಿಂದ ಕೈ ಮುಗಿದರು. ಜನ ಕೈ ಮುಗಿದಷ್ಟೂ ಜಾಗ ಖಾಯಂ ಆಗುತ್ತದೆಂದು ಅವರಿಗೂ ಗೊತ್ತಿತ್ತು. ಗುರುಪಾದಸ್ವಾಮಿಯವರ ಅಡುಗೆಕೋಣೆಯಿಂದ ಒಗ್ಗರಣೆಯ ವಾಸನೆ ಬಂತು. ಚಿಕ್ಕಮಲ್ಲಮ್ಮ ಆ ಕಡೆ ತಿರುಗಿ ಮುಗಿಯಲು ಕೈ ಎತ್ತಿದಳು. ಬೀದಿಯ ಕಣ್ಣೆಲ್ಲ ತನ್ನ ಮೇಲಿರುವುದು ಕಂಡು, ಎತ್ತಿದ ಕೈಯಲ್ಲಿ ಸೆರಗು ಸರಿಮಾಡಿಕೊಂಡಳು.