ಮರಕ್ಕೆ ಮಾರಿದ ಮಗ

ಕೂ ಮಾನ್‌ಸೊಕ್ ಯಾವ ಮರವನ್ನು ನೋಡಲು ಹೋದರೂ ಮೊದಲು ಟೋಪಿ ತೆಗೆದು, ಬೆರಳ ಗೆಣ್ಣಿನಿಂದ ತೊಗಟೆಯನ್ನು ಮೂರು ಸಲ ತಟ್ಟಿ, ಒಳಗಿನವರು ಬಾಗಿಲು ತೆರೆಯಲೆಂಬಂತೆ ತುಸು ಹೊತ್ತು ಕಾದು, ಆಮೇಲೆ ಕಿವಿಯಿಡುತ್ತಿದ್ದ. ನಮ್ಮ ಕಾಂಗ್‌ವಾನ್ ಸೀಮೆಯ ಬೆಟ್ಟದೂರುಗಳಲ್ಲೆಲ್ಲ ಮರದ ವೈದ್ಯನೆಂದೇ ಹೆಸರಾದವನು, ನನ್ನ ಓರಗೆಯವನು. ಎಡಗಿವಿಯ ಮೇಲೆ ಸದಾ ಪೈನ್ ಮರದ ಅಂಟಿನ ಕಲೆ. ಮನುಷ್ಯರ ಮಾತನ್ನು ಬಲಗಿವಿಗೆ ಬಿಟ್ಟಿದ್ದ.

ಹಸುಳೆ ಬದುಕಲಾರದೆಂದು ಹೆದರಿದ ತಾಯಿ ಅವನನ್ನು ಊರಬಾಗಿಲ ಮುದಿ ಪೈನ್ ಮರಕ್ಕೆ ಮಾರಿದ್ದಳು. ಬೇರಿಗೆ ಒಂದು ಬಟ್ಟಲು ಅಕ್ಕಿಹೆಂಡ ಎರೆದು, ಹೆಸರು ಬರೆದ ಬಟ್ಟೆಯನ್ನು ಕೊಂಬೆಗೆ ಕಟ್ಟಿದರೆ ಮಗು ಮರದ್ದಾಗುತ್ತದೆ; ಸಾವು ಮನೆಗೆ ಬಂದರೆ ಅಲ್ಲಿ ಮಗುವಿಲ್ಲ. ಎಪ್ಪತ್ತು ದಾಟಿದರೂ ಅವನು ಆ ಮರವನ್ನು ಅಮ್ಮಾ ಎಂದೇ ಕರೆಯುತ್ತಿದ್ದ.

ಒಂದು ಮಾರ್ಚಿನಲ್ಲಿ ಅದರ ಸೂಜಿಯೆಲೆಗಳು ಕೆಂಪಾದವು. ತೆಂಕಣ ಕೊಂಬೆಯೊಂದು ಮಾತ್ರ ಹಸುರಾಗಿ ಉಳಿಯಿತು. ಮಾನ್‌ಸೊಕ್ ಉಳಿಯಿಂದ ತೊಗಟೆಗೆ ತೂತು ಕೊರೆದ. ಬದುಕಿರುವ ಪೈನ್‌ಗೆ ಗಾಯವಾದರೆ ಅಂಟು ಒಸರಬೇಕು. ಮಧ್ಯಾಹ್ನದವರೆಗೆ ಕಾದೆವು, ಗಾಯ ಒಣಗಿಯೇ ಇತ್ತು. ಅವನು ನನ್ನ ತಲೆಯನ್ನು ಮೆಲ್ಲಗೆ ಕಾಂಡಕ್ಕೆ ಒತ್ತಿದ. ಮೂವತ್ತು ವರ್ಷ ಪಾಠ ಹೇಳಿದ ನನಗೆ ಆ ಸದ್ದು ಗೊತ್ತಿತ್ತು: ಪರೀಕ್ಷೆಯ ಕೊಠಡಿಯಲ್ಲಿ ಅರುವತ್ತು ಮಕ್ಕಳು ತಲೆಯೆತ್ತದೆ ಬರೆಯುವ ಸದ್ದು. ಒಳಗೆ ಮರಿಹುಳುಗಳು ಕೊರೆಯುತ್ತಿದ್ದವು. ಏಪ್ರಿಲ್ ಕಳೆದರೆ ರೆಕ್ಕೆ ಮೂಡಿ, ಗುಡ್ಡದ ನಾನೂರು ಪೈನ್‌ಗಳಿಗೆ ರೋಗ ಹೊತ್ತು ಹಾರುವಂಥವು.

ಕಡಿಯಲೇಬೇಕೆಂದ ಮಾನ್‌ಸೊಕ್‌ನನ್ನು, ಚುಚ್ಚುಮದ್ದು ಹಾಕಿ ಉಳಿಸೆಂದು ಊರವರು ಅಂಗಲಾಚಿದರು. ಮದ್ದೇನಿದ್ದರೂ ರೋಗ ಹೊಗುವ ಮೊದಲು ಎಂದು ಅವನು ಎಷ್ಟು ಹೇಳಿದರೂ ಕೇಳದೆ, ನೆರೆಮನೆಯ ಒಕ್‌ಸಿಮ್ ಅಜ್ಜಿ ಹಸುರು ಕೊಂಬೆಯತ್ತ ಕೋಲೆತ್ತಿ ಕುಟುಕಿದಳು: “ಅಲ್ವೋ ಮಾನ್‌ಸೊಕ್, ಊರೋರ ಮರಕ್ಕೆಲ್ಲ ಮದ್ದು, ಸಾಕಿದೋಳಿಗೆ ಮಾತ್ರ ಗರಗಸಾನಾ?”

ಅವನು ಆ ಕೊಂಬೆಯತ್ತ ತಲೆಯೆತ್ತಿದ.

“ಅವಳು ಹೋಗಿ ಆಯ್ತಜ್ಜಿ. ಆ ಕೊಂಬೆಗೆ ಇನ್ನೂ ಸುದ್ದಿ ಮುಟ್ಟಿಲ್ಲ, ಅಷ್ಟೇ.”

ನಮ್ಮಲ್ಲಿ ಹಿರಿಯ ಪೈನ್‌ಗೆ ಗರಗಸವಿಡುವ ಮುನ್ನ ‘ರಾಜಾಜ್ಞೆ’ ಎಂದು ಕೂಗುವುದುಂಟು. ಮರದ ಮುನಿಸು ಕಡಿಯುವವನಿಗೆ ತಟ್ಟದೆ ರಾಜನ ಪಾಲಾಗಲೆಂದು. ಮರುದಿನ ಬೆಳಗ್ಗೆ ಆಳುಗಳು ಕೂಗಲು ಬಾಯಿ ತೆರೆದಾಗ ಅವನು ಕೈಯೆತ್ತಿ ತಡೆದ. ಟೋಪಿ ತೆಗೆದು ಮೂರು ಸಲ ತಟ್ಟಿದ.

“ಅಮ್ಮಾ, ಯಾವ ರಾಜನೂ ಅಲ್ಲ. ನಾನೇ.”

ಕಿವಿಯಿಟ್ಟ. ನಾನೂ ಇಟ್ಟೆ. ಒಳಗಿನ ಬರೆಯುವ ಸದ್ದು, ಗಂಟೆ ಹೊಡೆದಂತೆ, ನಿಂತುಹೋಗಿತ್ತು.

ಕಡಿದ ತುಂಡುಗಳಿಗೆ, ಹುಳು ಸಾಯಲೆಂದು, ವಿಷದ ಹೊಗೆಯಿಟ್ಟು ಮುಚ್ಚಿದ ತಾಡಪಾಲಿನ ದಿಬ್ಬ ಈಗಲೂ ಊರಬಾಗಿಲಲ್ಲಿ ಸಮಾಧಿಯಂತಿದೆ. ಹಿಂದಿನ ಗುಡ್ಡ ಹಸುರಾಗಿದೆ. ಗುಣಪಡಿಸಿದ್ದಕ್ಕೆ ಹೆಸರು ಹಾಕಿಕೊಳ್ಳುವ ವೈದ್ಯರು ಬಹಳ. ಕೈಬಿಟ್ಟದ್ದಕ್ಕೂ ತಮ್ಮದೇ ಹೆಸರು ಹೇಳುವವರು ವಿರಳ. ಅಂಥವರು ಬಾಗಿಲು ತಟ್ಟುವುದು, ಬಂದವರು ಯಾರೆಂದು ಒಳಗಿನವರಿಗೆ ತಿಳಿದಿರಲೆಂದು.